ಗ್ರೇಡಿಂಗ್‌ಗೆ ಕೊಟ್ಟ ನಾಣ್ಯಕ್ಕೆ ಪೆಟ್ಟಾದಾಗ ಪರಿಹಾರ ಪಡೆಯುವ ಬಗೆ

1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿಯೊಂದನ್ನು ನೀವು, ನಾಣ್ಯದ ಸ್ಥಿತಿಯನ್ನು ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಗೆ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳೋಣ. ಕೊಡುವಾಗ ರಾಜನ ಕೆನ್ನೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಸ್ಲ್ಯಾಬ್‌ನೊಳಗೆ (ಸಂಸ್ಥೆ ನಾಣ್ಯವನ್ನಿಟ್ಟು ಭದ್ರವಾಗಿ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಕೂತು ಮರಳಿದಾಗ ಅಲ್ಲಿ ಹೊಸ ಗೀರು ಕಾಣುತ್ತಿದೆ, ಚೀಟಿಯ ಮೇಲೆ ಅಂಕೆಯ ಬದಲು ‘ಡೀಟೇಲ್ಸ್’ ಎಂದಿದೆ, ಅಂದರೆ ಹಾನಿಯಿರುವುದರಿಂದ ಅಂಕ ಕೊಟ್ಟಿಲ್ಲ. 11.66 ಗ್ರಾಂ ತೂಕದ ಆ ನಾಣ್ಯದಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ 70 ಅಂಕಗಳ ಶೆಲ್ಡನ್ ಮಾಪಕದಲ್ಲಿ ಒಂದೆರಡು ಅಂಕ ಇಳಿದರೇ ಅಪರೂಪದ ನಾಣ್ಯದ ಬೆಲೆ ಕುಸಿಯುವ ಈ ಲೋಕದಲ್ಲಿ, ಅಂಕವೇ ಸಿಗದ ನಾಣ್ಯವನ್ನು ಕೊಳ್ಳುವವರು ವಿರಳ.

ಮೊದಲು, ಮಾಡಬಾರದ ಕೆಲಸಗಳು. ಸ್ಲ್ಯಾಬ್ ಒಡೆಯಬಾರದು, ನಾಣ್ಯವನ್ನು ಒರೆಸಬಾರದು, ‘ಮರುಪರಿಶೀಲನೆ ಮಾಡಿಕೊಡುತ್ತೇವೆ, ವಾಪಸು ಕಳುಹಿಸಿ’ ಎಂಬ ಮಾತಿಗೆ ಒಪ್ಪಿ ಕೂಡಲೇ ನಾಣ್ಯವನ್ನು ಕೈಬಿಡಬಾರದು. ಒಡೆದ ಸ್ಲ್ಯಾಬಿನಿಂದ ಹೊರಬಂದ ನಾಣ್ಯದ ಗೀರು ಯಾರ ಕೈಯಲ್ಲಿ ಆಯಿತೆಂದು ಹೇಳಲು ಆಮೇಲೆ ಯಾರಿಗೂ ಸಾಧ್ಯವಾಗುವುದಿಲ್ಲ. ಪಾರ್ಸೆಲ್ಲಿನ ಡಬ್ಬ, ಒಳಹೊದಿಕೆ ಮತ್ತು ಸಾಗಣೆಯ ಚೀಟಿಯನ್ನು ಹಾಗೆಯೇ ಎತ್ತಿಡಬೇಕು, ಏಕೆಂದರೆ ಸಂಸ್ಥೆಯ ಮೊದಲ ಉತ್ತರ ಬಹುಮಟ್ಟಿಗೆ ‘ಅದು ಕೊರಿಯರಿನವರ ತಪ್ಪು’ ಎಂದೇ ಇರುತ್ತದೆ. ಸ್ಲ್ಯಾಬ್ ಹೊರಗೆ ಕಿಂಚಿತ್ತೂ ಬಿರುಕಿಲ್ಲದೆ ಒಳಗಿನ ನಾಣ್ಯದ ಮೇಲೆ ಗೀರಿದ್ದರೆ ಆ ವಾದ ನಿಲ್ಲುವುದು ಕಷ್ಟ. ಸ್ಲ್ಯಾಬಿನ ಚೀಟಿಯಲ್ಲೇ ‘ಡೀಟೇಲ್ಸ್’ ಎಂದಿದ್ದರಂತೂ ಸ್ಲ್ಯಾಬ್ ಮುಚ್ಚುವ ಮೊದಲೇ ಗೀರು ಇತ್ತೆಂದು ಸಂಸ್ಥೆಯೇ ಬರೆದುಕೊಟ್ಟಂತೆ. ಆಗ ಉಳಿಯುವ ಪ್ರಶ್ನೆ ಒಂದೇ: ನಾಣ್ಯ ಸಂಸ್ಥೆಯ ಕೈ ಸೇರುವಾಗಲೇ ಗೀರು ಇತ್ತೆ, ಇರಲಿಲ್ಲವೆ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಳುಹಿಸುವ ಮೊದಲು ತೆಗೆದ ಚಿತ್ರಗಳು. ನಾಣ್ಯದ ಎರಡೂ ಮುಖ ಹಾಗೂ ಅಂಚನ್ನು ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದಿರಬೇಕು. ನೇರ ಬೆಳಕಿನಲ್ಲಿ ಸಣ್ಣ ಗೀರುಗಳು ಅಡಗಿಬಿಡುತ್ತವೆ. ತೂಕ ಮಾಡಿ, ನಾಣ್ಯವಿಡುವ ಪಾರದರ್ಶಕ ಪುಟ್ಟ ಚೀಲವಾದ ಫ್ಲಿಪ್‌ಗೆ ಹಾಕಿ, ಡಬ್ಬ ಮುಚ್ಚುವವರೆಗೂ ಕತ್ತರಿಸದ ಒಂದೇ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಹೋಗಿ ಬಂದ ಪ್ರತಿಗಳನ್ನಲ್ಲ, ಫೋನಿನಲ್ಲಿರುವ ಮೂಲ ಕಡತಗಳನ್ನೇ ಕಾಪಾಡಿಕೊಳ್ಳಬೇಕು.

ಚಿತ್ರಗಳಷ್ಟೇ ಮುಖ್ಯವಾದದ್ದು ಅರ್ಜಿ ನಮೂನೆಯಲ್ಲಿನ ‘ಘೋಷಿತ ಮೌಲ್ಯ’ದ ಕಾಲಮ್ಮು. ಅನೇಕ ಸಂಸ್ಥೆಗಳಲ್ಲಿ ಶುಲ್ಕವು ಮೌಲ್ಯಕ್ಕೆ ತಕ್ಕಂತೆ ಏರುವುದರಿಂದ, ಎರಡು ಲಕ್ಷದ ನಾಣ್ಯಕ್ಕೆ ಇಪ್ಪತ್ತು ಸಾವಿರ ಎಂದು ಬರೆದು ಕೆಲವು ನೂರು ರೂಪಾಯಿ ಉಳಿಸುವ ಚಾಳಿ ಸಂಗ್ರಾಹಕರಲ್ಲಿದೆ. ಆ ಅಂಕೆಯ ಕೆಳಗೆ ನಿಮ್ಮದೇ ಸಹಿ ಇರುತ್ತದೆ. ಸಹಿ ಹಾಕಿದ ಮಿತಿಯನ್ನು ನ್ಯಾಯಾಲಯಗಳು ಎಷ್ಟು ಗಟ್ಟಿಯಾಗಿ ಹಿಡಿಯಬಲ್ಲವು ಎಂಬುದಕ್ಕೆ ಭಾರತಿ ನಿಟ್ಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ನೀಡಿದ ತೀರ್ಪು ಸಾಕ್ಷಿ: ಕೊರಿಯರ್ ಚೀಟಿಯಲ್ಲಿ ಹೊಣೆಗಾರಿಕೆಗೆ ಹಾಕಿದ್ದ 100 ಡಾಲರಿನ ಮಿತಿಯೇ ಅಲ್ಲಿ ಊರ್ಜಿತವಾಯಿತು.

ಹಾಗೆಂದು ‘ಯಾವುದಕ್ಕೂ ನಾವು ಹೊಣೆಯಲ್ಲ’ ಎಂಬ ಸಾಲು ನಮೂನೆಯ ಹಿಂಬದಿಯಲ್ಲಿದ್ದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ. ಒಂದು ಕೆಲಸಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ಮರಳಿ ಪಡೆಯುವ ವ್ಯವಹಾರದಲ್ಲಿ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಪಡೆದವನು ವಹಿಸಬೇಕೆಂದು 1872ರ ಕರಾರು ಅಧಿನಿಯಮದ 151ನೇ ಕಲಮು ಹೇಳುತ್ತದೆ. ಹೋಟೆಲಿನವರ ಕೈಗೆ ಕೀಲಿಕೈ ಕೊಟ್ಟು ನಿಲ್ಲಿಸಲು ಬಿಟ್ಟ ಕಾರು ಕಳವಾದ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ, ‘ಮಾಲೀಕರದೇ ಹೊಣೆ’ ಎಂಬ ಚೀಟಿಯ ಬರಹವು ಹೋಟೆಲಿನ ನಿರ್ಲಕ್ಷ್ಯವನ್ನು ಮುಚ್ಚಲಾರದೆಂದೂ ತಾನು ಎಚ್ಚರ ವಹಿಸಿದ್ದೆನೆಂದು ತೋರಿಸುವ ಭಾರ ಹೋಟೆಲಿನದೆಂದೂ ಹೇಳಿತು. ಸಂಸ್ಥೆಗೆ ಬರೆಯುವ ಮೊದಲ ಪತ್ರದಲ್ಲೇ ಈ ನೆಲೆಯಲ್ಲಿ ನಿಂತು, ನಾಣ್ಯ ಬಂದಾಗ ಅವರು ತೆಗೆದ ಚಿತ್ರ, ಒಳಬರುವಿಕೆಯ ದಾಖಲೆ ಮತ್ತು ಸ್ಲ್ಯಾಬ್ ಮಾಡಿದ ದಿನದ ವಿವರಗಳನ್ನು ಕೇಳುವುದು ಸೂಕ್ತ. ಬಹಳ ಸಂಸ್ಥೆಗಳು ಹೆಮ್ಮೆಯಿಂದ ಹೇಳಿಕೊಳ್ಳುವ ‘ಗ್ಯಾರಂಟಿ’ ಸಾಮಾನ್ಯವಾಗಿ ನಾಣ್ಯದ ಅಸಲಿತನಕ್ಕೂ ಗ್ರೇಡಿಗೂ ಸಂಬಂಧಿಸಿದ್ದೇ ಹೊರತು ಕೈತಪ್ಪಿನಿಂದಾದ ಹಾನಿಗಲ್ಲ. ಆದ್ದರಿಂದ ಗ್ಯಾರಂಟಿಯ ನಮೂನೆ ತುಂಬಿ ಕಾಯುತ್ತ ಕೂರುವುದು ಕಾಲಹರಣ.

ಎಷ್ಟು ಕೇಳಬೇಕು? ಹಾನಿಗೆ ಮುಂಚಿನ ಮಾರುಕಟ್ಟೆ ಬೆಲೆಯಿಂದ ಹಾನಿಯ ನಂತರದ ಬೆಲೆಯನ್ನು ಕಳೆದ ಮೊತ್ತ, ಅದರ ಜೊತೆಗೆ ಗ್ರೇಡಿಂಗ್ ಶುಲ್ಕ ಮತ್ತು ಸಾಗಣೆಯ ವೆಚ್ಚ. ಬೆಲೆಗೆ ಆಧಾರವಾಗಿ ಅದೇ ವರ್ಷದ, ಅದೇ ಟಂಕಸಾಲೆಯ, ಸಮೀಪದ ಗ್ರೇಡಿನ ನಾಣ್ಯಗಳು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಕೊಡಬೇಕು. ಮಾರಾಟಗಾರರು ಜಾಲತಾಣದಲ್ಲಿ ಹಾಕಿಕೊಂಡ ಆಸೆಯ ಬೆಲೆಗಳಿಗೆ ತೂಕವಿಲ್ಲ. ನಾಣ್ಯವನ್ನು ನಿಮಗೆ ಮಾರಿದವರಲ್ಲದ ಇಬ್ಬರು ತಜ್ಞರಿಂದ ಲಿಖಿತ ಅಭಿಪ್ರಾಯವನ್ನೂ ಪಡೆಯಿರಿ.

ಪತ್ರಕ್ಕೆ ಫಲ ಸಿಗದಿದ್ದರೆ, ಹಣ ಕೊಡಲು ನಿರ್ದಿಷ್ಟ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ, ಬಳಿಕ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹೆಚ್ಚಿನವರು ಅಂಜುವುದು ಇಲ್ಲಿಯೇ, ಅಂಜಬೇಕಾದ ಕಾರಣ ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೂರು ಯಾವ ಆಯೋಗಕ್ಕೆ ಸೇರಿದ್ದೆಂಬುದನ್ನು ನಿರ್ಧರಿಸುವುದು ನಷ್ಟದ ಮೊತ್ತವಲ್ಲ, ಸೇವೆಗೆ ನೀವು ಕೊಟ್ಟ ಹಣ, ಅಂದರೆ ಪ್ರತಿಫಲ. 50 ಲಕ್ಷ ರೂಪಾಯಿಯವರೆಗಿನ ಪ್ರತಿಫಲದ ದೂರುಗಳು ಜಿಲ್ಲಾ ಆಯೋಗಕ್ಕೆ ಸೇರುವುದರಿಂದ, ನಾಣ್ಯ ಎಷ್ಟೇ ಬೆಲೆಬಾಳಲಿ, ಐದಾರು ಸಾವಿರದ ಗ್ರೇಡಿಂಗ್ ಶುಲ್ಕದ ವ್ಯಾಜ್ಯ ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ಪ್ರತಿಫಲ 5 ಲಕ್ಷ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಸಂಸ್ಥೆಯ ಕಚೇರಿ ಮುಂಬಯಿಯಲ್ಲಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ, ಅದು ಶಿವಮೊಗ್ಗವಿರಲಿ ಕಲಬುರಗಿಯಿರಲಿ, ದೂರು ಕೊಡಲು ಅವಕಾಶವಿದೆ. ವಕೀಲರಿಲ್ಲದೆ ತಾವೇ ವಾದಿಸಬಹುದು. ಕಾಲಮಿತಿ ಎರಡು ವರ್ಷ. ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು ಈಗ ಸ್ಥಿರವಾದ ಕಾನೂನು. ಏಜೆಂಟರ ಮೂಲಕ ಕಳುಹಿಸಿದ್ದರೆ ಏಜೆಂಟರನ್ನೂ ಸಂಸ್ಥೆಯನ್ನೂ ಎದುರುದಾರರನ್ನಾಗಿ ಸೇರಿಸಬೇಕು, ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ನುಣುಚಿಕೊಳ್ಳುತ್ತಾರೆ. ನಾಣ್ಯ ವ್ಯಾಪಾರವನ್ನೇ ಮಾಡುವವರು ಮಾತ್ರ ತುಸು ಎಚ್ಚರದಿಂದಿರಬೇಕು: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಅಧಿನಿಯಮದ ಹೊರಗುಳಿಯುತ್ತದೆ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಪಡೆದದ್ದೆಂದು ತೋರಿಸಲಾಗದಿದ್ದರೆ ಸಿವಿಲ್ ದಾವೆಯೇ ಗತಿ.

ವಿದೇಶದ ಸಂಸ್ಥೆಗಳಿಗೆ ಕಳುಹಿಸುವವರು ಇನ್ನೊಂದು ತೊಡಕನ್ನು ಅರಿತಿರಬೇಕು. ನೂರು ವರ್ಷ ತುಂಬಿದ ನಾಣ್ಯ 1972ರ ಪುರಾತನ ವಸ್ತುಗಳ ಅಧಿನಿಯಮದಡಿ ಪುರಾತನ ವಸ್ತುವಾಗುತ್ತದೆ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಆನೆಯ ಚಿತ್ರ ಹಂದಿಯಂತೆ ಕಂಡು ಗದ್ದಲವಾದ 1911ರ ರೂಪಾಯಿ ಈ ಗುಂಪಿಗೆ ಸೇರುತ್ತದೆ, 1939ರದು ಸದ್ಯ ಸೇರುವುದಿಲ್ಲ. ಕಾನೂನು ಮೀರಿ ಕಳುಹಿಸಿದ ನಾಣ್ಯಕ್ಕೆ ಪರಿಹಾರ ಕೇಳಲು ಹೋದವರು ತಮ್ಮ ಮೇಲೆಯೇ ಮೊಕದ್ದಮೆ ಎಳೆದುಕೊಂಡಾರು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಸಣ್ಣ ದಾವೆಗಳ ನ್ಯಾಯಾಲಯಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ವ್ಯಕ್ತಿಯೊಬ್ಬರು 12,500 ಡಾಲರಿನವರೆಗೆ ವಕೀಲರಿಲ್ಲದೆ ದಾವೆ ಹೂಡಬಹುದು.

ಸಂಸ್ಥೆಯೇ ರಾಜಿಗೆ ಬಂದು ಮುಂದಿನ ಸಲ ಹತ್ತು ನಾಣ್ಯಗಳಿಗೆ ಉಚಿತ ಗ್ರೇಡಿಂಗ್ ಕೊಡುತ್ತೇವೆ ಎಂದರೆ, ಒಪ್ಪುವ ಮುನ್ನ ಜೊತೆಗಿರುವ ಕಾಗದವನ್ನು ಪೂರ್ತಿ ಓದಬೇಕು. ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಸಾಲು ಅದರಲ್ಲಿದ್ದರೆ ಸಹಿಯ ನಂತರ ಕೇಳಲು ಏನೂ ಉಳಿಯುವುದಿಲ್ಲ. ಭಾಗಶಃ ಹಣ ಪಡೆಯಲೇಬೇಕಾದಾಗ ‘ಹಕ್ಕು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಬರೆದು, ಆ ಕಾಗದದ ಪ್ರತಿಯೊಂದನ್ನು ಇಟ್ಟುಕೊಂಡ ಮೇಲೆಯೇ ಸಹಿ ಹಾಕಬೇಕು.