ಹಳೇ 16 ಸ್ಲೈಸ್ ಮಷೀನಿನಲ್ಲೇ ಸ್ಟೇಪಿಸ್ ಕಂಡಿತು

ನಮ್ಮದು ದಾವಣಗೆರೆಯ ಒಂದು ಸಣ್ಣ ಸ್ಕ್ಯಾನ್ ಸೆಂಟರ್, ಒಂದು ಸುತ್ತಿಗೆ 16 ಪದರ ತೆಗೆಯುವ ಹಳೆಯ 16 ಸ್ಲೈಸ್ ಸಿಟಿ ಮಷೀನು. ಇದರಲ್ಲೇ ಸ್ಟೇಪಿಸ್, ಅಂದರೆ ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಅತಿ ಚಿಕ್ಕದನ್ನು, ತೋರಿಸುತ್ತೇನೆ ಅಂದಾಗ ಇಎನ್‌ಟಿ ಡಾಕ್ಟರು ಒಪ್ಪಲಿಲ್ಲ. ‘ಅದಕ್ಕೆಲ್ಲ 128 ಸ್ಲೈಸ್ ಬೇಕಪ್ಪಾ’ ಅಂದರು. ರೋಗಿಗಳು ಬೆಂಗಳೂರಿಗೆ ಹೋಗುತ್ತಿದ್ದರು. ಬಸ್ಸು, ಊಟ, ಸ್ಕ್ಯಾನು ಎಲ್ಲ ಸೇರಿ ಹತ್ತಿರಹತ್ತಿರ 8 ಸಾವಿರ ಖರ್ಚು. ನನಗೆ ಹೊಟ್ಟೆ ಉರಿಯುತ್ತಿತ್ತು.

ಉಳಿದೆರಡು ಮೂಳೆ, ಮ್ಯಾಲಿಯಸ್ ಮತ್ತು ಇನ್ಕಸ್, ಕಷ್ಟವೇ ಅಲ್ಲ. ಆಕ್ಸಿಯಲ್‌ನಲ್ಲಿ, ಅಂದರೆ ಅಡ್ಡ ಕೊಯ್ದಂತಿರುವ ಚಿತ್ರದಲ್ಲಿ, ಅವೆರಡೂ ಸೇರಿದ ಕೋನ್ ಐಸ್‌ಕ್ರೀಮ್ ಆಕಾರ ಎಂಥವರಿಗೂ ಕಾಣುತ್ತದೆ. ಸ್ಟೇಪಿಸ್ ಮಾತ್ರ 3 ಮಿ.ಮೀ. ಚಿಲ್ಲರೆ, ಸೋನಾ ಮಸೂರಿ ಕಾಳಿಗಿಂತ ಚಿಕ್ಕದು. ಮೊದಲ 30 ಕೇಸುಗಳಲ್ಲಿ ಸ್ಟೇಪಿಸ್ ಕೂರುವ ಒಳಗಿವಿಯ ಕಿಂಡಿ, ಓವಲ್ ವಿಂಡೋ ಹತ್ತಿರ ಬರೀ ಮಸುಕು. ಎರಡು ಕೇಸಿನಲ್ಲಿ ಎಂಎಎಸ್ (ಎಕ್ಸ್‌ರೇ ಪ್ರಮಾಣ) ಏರಿಸಿದೆ. ನಾಯ್ಸ್ (ಚಿತ್ರದ ಚುಕ್ಕೆಚುಕ್ಕೆ) ಇಳಿಯಿತೇ ಹೊರತು ಸ್ಟೇಪಿಸ್ ಬರಲಿಲ್ಲ. ರೋಗಿಗೆ ಸುಮ್ನೆ ಜಾಸ್ತಿ ಡೋಸ್ ಕೊಟ್ಟೆನಲ್ಲ ಅಂತ ಬೇಜಾರಾಗಿ ಅಲ್ಲಿಗೇ ಬಿಟ್ಟೆ. ‘ಎಕ್ಸ್‌ರೇ ಟ್ಯೂಬ್ ಹೋದರೆ 20 ಲಕ್ಷ ಯಾರು ಕೊಡ್ತಾರೆ?’ ಅಂತ ಯಜಮಾನರೂ ಬೈದರು.

ಆಮೇಲೆ ಅನಾಟಮಿಯವರಿಂದ ಮೂರು ಒಣ ಟೆಂಪೊರಲ್ ಬೋನ್ (ಕಿವಿ ಇರುವ ತಲೆಬುರುಡೆಯ ಮೂಳೆ) ಕೇಳಿ ತಂದೆ. ಎರಡರಲ್ಲಿ ಸ್ಟೇಪಿಸ್ ಉದುರಿಹೋಗಿತ್ತು. ಮೂರನೆಯದನ್ನು ಅಕ್ಕಿ ಚೀಲದೊಳಗೆ ಹೂತು, ತಲೆಯಷ್ಟು ದಪ್ಪ ಮಾಡಿ, ಭಾನುವಾರಗಳಲ್ಲಿ ಸ್ಕ್ಯಾನ್ ಮಾಡಿದೆ. ಒಣ ಮೂಳೆಗೆ ಡೋಸಿನ ಚಿಂತೆ ಇಲ್ಲ ಅಲ್ವಾ. ರಾಗಿಯಲ್ಲೂ ಹೂತು ನೋಡಿದೆ, ವ್ಯತ್ಯಾಸ ಏನೂ ಕಾಣಲಿಲ್ಲ.

ತಪ್ಪು ಸಿಕ್ಕಿದ್ದು ಅಲ್ಲೇ. ನಾನು ಎರಡೂ ಕಿವಿ ಸೇರಿಸಿ 22 ಸೆಂ.ಮೀ. ಎಫ್‌ಒವಿ (ಚಿತ್ರದಲ್ಲಿ ಬರುವ ಜಾಗದ ಅಗಲ) ಇಟ್ಟು, ಆಮೇಲೆ ಝೂಮ್ ಮಾಡುತ್ತಿದ್ದೆ. ಆ ಅಗಲವನ್ನು 512 ಚೌಕಗಳಾಗಿ ಹಂಚುವ 512 ಮ್ಯಾಟ್ರಿಕ್ಸಿಗೆ ಒಂದು ಪಿಕ್ಸೆಲ್ 0.43 ಮಿ.ಮೀ. ಆಯಿತು. ಅದರಲ್ಲಿ ಸ್ಟೇಪಿಸ್ ಕಾಲು ಎಲ್ಲಿ ನಿಲ್ಲಬೇಕು? ಈಗ ಒಂದೊಂದು ಕಿವಿಯನ್ನೂ ರಾ ಡೇಟಾದಿಂದಲೇ (ಮಷೀನು ಅಳೆದ ಮೂಲ ಮಾಹಿತಿ) ಬೇರೆಬೇರೆಯಾಗಿ 9 ಸೆಂ.ಮೀ.ಗೆ ರೀಕಾನ್ ಮಾಡುತ್ತೇನೆ, ಅಂದರೆ ಚಿತ್ರವನ್ನು ಹೊಸದಾಗಿ ಕಟ್ಟುತ್ತೇನೆ. ಪಿಕ್ಸೆಲ್ 0.18ಕ್ಕೆ ಇಳಿಯುತ್ತದೆ. ಸ್ಲೈಸ್ ದಪ್ಪ 0.6 ಮಿ.ಮೀ., ಇನ್‌ಕ್ರಿಮೆಂಟ್ (ಸ್ಲೈಸಿನಿಂದ ಸ್ಲೈಸಿಗೆ ದೂರ) 0.3, ಮೂಳೆಯ ಅಂಚು ಚೂಪಾಗಿಸುವ ಶಾರ್ಪ್ ಬೋನ್ ಕರ್ನಲ್, ವಿಂಡೋ (ತೋರಿಸುವ ಕಪ್ಪು-ಬಿಳುಪಿನ ವ್ಯಾಪ್ತಿ) 4000ದ ಆಸುಪಾಸು. ಇನ್ನೊಮ್ಮೆ ಎಕ್ಸ್‌ರೇ ಬೇಡ. ಆದರೆ ನಮ್ಮ ಮಷೀನಿನಲ್ಲಿ ರಾ ಡೇಟಾ ಎರಡು ಮೂರು ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಹಾಗೆ ನಾಲ್ಕು ಒಳ್ಳೆಯ ಕೇಸು ಕಳಕೊಂಡೆ.

ಚಿತ್ರ ಕಟ್ಟಿದ ಮೇಲೆ ಮೊದಲು ಲ್ಯಾಟರಲ್ ಸೆಮಿಸರ್ಕ್ಯುಲರ್ ಕೆನಾಲ್‌ಗೆ (ಒಳಗಿವಿಯ ಒಂದು ಬಾಗಿದ ನಳಿಕೆ) ಸಮಾನಾಂತರವಾಗಿ ರೀಫಾರ್ಮ್ಯಾಟ್, ಅಂದರೆ ಕೊಯ್ತದ ಕೋನ ಬದಲಿಸುವುದು. ಅಲ್ಲಿಂದ ಸ್ಟೇಪಿಸ್‌ನ ಪ್ಲೇನಿಗೆ ಓರೆ ಮಾಡಬೇಕು. ಆ ಓರೆಯನ್ನು ಯಾವ ಗುರುತು ಹಿಡಿದು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಒಂದು ಕಿವಿ ಮಾತ್ರ ಕೆಟ್ಟವರ ಇನ್ನೊಂದು ಕಿವಿಯಿಂದ 40ರಷ್ಟು ನಾರ್ಮಲ್ ಚಿತ್ರ ಕೂಡಿಸಿಟ್ಟಿದ್ದೇನೆ. ಅದೇ ಇಎನ್‌ಟಿ ಡಾಕ್ಟರು ಬಂದು ಸ್ಕ್ರೀನಿಗೆ ಮುಖ ತಾಗಿಸುವಷ್ಟು ಹತ್ತಿರ ನಿಂತರು. ರಿಕಾಪಿನ ಹಾಗೆ ಎರಡು ಕಾಲು, ಹಿಂದಿನದು ಬಾಗಿ ದಪ್ಪ, ಮುಂದಿನದು ನೆಟ್ಟಗೆ, ಕೂದಲೆಳೆಯಷ್ಟು. ‘ಮುಂದಿನದೂ ಬಂದಿದೆಯಲ್ಲೋ’ ಅಂದರು.