ಕುದುರೆಮುಖ ಹತ್ತುವವರು ಮೊದಲು ಕಾಲುಗುರು ಕತ್ತರಿಸಿಕೊಳ್ಳಿ

ನನ್ನ ತವರು ಕಳಸದ ಹತ್ತಿರ. ಬೆಂಗಳೂರಿನಿಂದ ಅಕ್ಕನ ಮಕ್ಕಳು, ಅವರ ಸ್ನೇಹಿತರು ಅಂತ ಯಾರು ಬಂದರೂ ಅವರನ್ನು ಕುದುರೆಮುಖ ಹತ್ತಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಎಲ್ಲರಿಗೂ ಫೋನಿನಲ್ಲಿ ಅದೇ ಮಾತು ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ತುದಿಯ ಎತ್ತರ 1,894 ಮೀಟರ್. ಹತ್ತಲು ಶುರು ಮಾಡುವ ಹಳ್ಳಿ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೇಲೆ ಟೆಂಟ್ ಹಾಕಿ ಉಳಿಯುವ ಹಾಗಿಲ್ಲ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ನನ್ನನ್ನು ಕೇಳಿದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ.

ಮುಖ್ಯ ರಸ್ತೆಯಿಂದ ಮುಳ್ಳೋಡಿಗೆ ಜೀಪಿನಲ್ಲೇ ಹೋಗಿ. ಆ ಕಲ್ಲುದಾರಿಯಲ್ಲಿ ನಡೆದು ಕಾಲಿನ ಶಕ್ತಿಯನ್ನು ಮೊದಲೇ ಯಾಕೆ ಖಾಲಿ ಮಾಡಬೇಕು?

ಈಗ ಶೂ ವಿಷಯ. ಎರಡು ವರ್ಷ ಡಬ್ಬದಲ್ಲಿ ಇಟ್ಟಿದ್ದ ಶೂ ಹಾಕಿಕೊಂಡು ಬಂದಿದ್ದ ಒಬ್ಬ ಹುಡುಗ. ನೋಡಲು ಹೊಸದರ ಹಾಗೇ ಇತ್ತು. ಎರಡನೇ ಹಳ್ಳ ದಾಟಿದ್ದೇ ತಡ, ಅಡಿ ಕಿತ್ತು ಬಾಯಿ ತೆರೆಯಿತು. ಅಂಟು ಒಣಗಿ ಹೋಗಿತ್ತು, ಅಷ್ಟೇ. ನನ್ನ ಚೀಲದಲ್ಲಿ ಎರಡು ಮಾರು ನೈಲಾನ್ ಹಗ್ಗ ಇತ್ತು, ಸುತ್ತಿ ಕಟ್ಟಿ ಅಲ್ಲಿಂದಲೇ ವಾಪಸ್ ಕರೆತಂದೆ. ಹೊಸ ಶೂ ಆದರೆ ಹದಿನೈದು ದಿನ ಮೊದಲೇ ಹಾಕಿ ಓಡಾಡಿ, ಹಳೆಯದಾದರೆ ಅಡಿಯನ್ನು ಕೈಯಿಂದ ಎಳೆದು ನೋಡಿ. ಕಾಲುಗುರು ಮಾತ್ರ ಹಿಂದಿನ ದಿನವೇ ಕತ್ತರಿಸಿ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಹೆಜ್ಜೆಹೆಜ್ಜೆಗೂ ಹೆಬ್ಬೆರಳು ಶೂ ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ತುದಿಯಲ್ಲಿ ಕೂತು ಲೇಸ್ ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಎರಡು ನಿಮಿಷದ ಕೆಲಸ.

ಉಂಬಳಕ್ಕೆ, ಅಂದರೆ ರಕ್ತ ಹೀರುವ ಕಾಡು ಜಿಗಣೆಗೆ, ಹೆದರುವವರೇ ಜಾಸ್ತಿ. ಕಣಿವೆಯ ಶೋಲಾ ಕಾಡಿನೊಳಗೆ ನೆರಳು, ತೇವ, ಕೊಳೆತ ಎಲೆ. ಅಲ್ಲೇ ಅವುಗಳ ಊರು. ಬಯಲು ಹುಲ್ಲಿಗೆ ಬಂದು ಬಿಸಿಲು ಬಿದ್ದ ಮೇಲೆ ಕಡಿಮೆ. ಉದ್ದ ಸಾಕ್ಸಿನೊಳಗೆ ಪ್ಯಾಂಟ್ ತುರುಕಿ, ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚುವುದು ನಮ್ಮ ಕಡೆಯ ಪದ್ಧತಿ. ಕಾಡಿನಲ್ಲಿ ನಿಂತು ಫೋಟೋ ತೆಗೆಯಬೇಡಿ, ನಿಂತವರಿಗೇ ಹತ್ತುವುದು. ಕಚ್ಚಿದ ಮೇಲೆ ಉಪ್ಪು, ಬೆಂಕಿಕಡ್ಡಿ ಏನೂ ಬೇಡ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಸಣ್ಣಗಿರುವ ತುದಿ ಅದರ ಬಾಯಿ. ಅದರ ಪಕ್ಕದ ಚರ್ಮವನ್ನು ಎಳೆದು ಹಿಡಿದು, ಉಗುರನ್ನು ಕೆಳಗೆ ತೂರಿಸಿ ಮೆಲ್ಲಗೆ ಜರುಗಿಸಿ, ಬಿಡುತ್ತದೆ. ಆಮೇಲೆ ದಪ್ಪ ತುದಿ ಬಿಡಿಸಿ ಚಿಮ್ಮಿ. (ಕಾಲುಗುರು ಕತ್ತರಿಸಿ ಅಂದೆ, ಕೈಯದು ಸ್ವಲ್ಪ ಇರಲಿ.) ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಅದಕ್ಕೇ ಬೇಗ ನಿಲ್ಲುವುದಿಲ್ಲ. ತೊಳೆದು, ಬಟ್ಟೆ ಒತ್ತಿ ಹಿಡಿದು ನಡೆಯಿರಿ.

ಊಟಕ್ಕೆ ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ ಸಾಕು. ಮೊಸರನ್ನ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ತಲಾ ಎರಡು ಲೀಟರ್ ನೀರು, ಒಂದಿಷ್ಟು ಬೆಲ್ಲ, ಉಪ್ಪು. ಪ್ಲಾಸ್ಟಿಕ್ ಕವರ್ ಒಯ್ಯಬೇಡಿ. ಒಯ್ದರೆ ಅದು ನಿಮ್ಮ ಜೊತೆಗೇ ಕೆಳಗೆ ಬರಲಿ.

ದಾರಿಯ ಗುರುತಾದ ಒಂಟಿ ಮರ ದಾಟಿದ ಮೇಲೆ ಮಂಜು ಬಂದರೆ ಹತ್ತು ಹೆಜ್ಜೆ ಮುಂದಿನವರೂ ಕಾಣುವುದಿಲ್ಲ. ಆಗ ಕೂತುಬಿಡಿ. ಗೈಡ್ ಬಿಟ್ಟು ಹುಲ್ಲಿನ ಕಾಲುದಾರಿ ಹಿಡಿಯಬೇಡಿ. ಅದರಲ್ಲಿ ಎಷ್ಟೋ ದಾರಿ ಕಾಟಿ (ಕಾಡುಕೋಣ), ಕಡವೆ ತುಳಿದು ಮಾಡಿದ್ದು, ಅವು ನಿಮ್ಮನ್ನು ಮುಳ್ಳೋಡಿಗೆ ತಲುಪಿಸುವುದಿಲ್ಲ ಅಲ್ವಾ?

ಇನ್ನೊಂದು ನನ್ನ ನಿಯಮ. ಬೆಳಿಗ್ಗೆ ಏಳಕ್ಕೆ ಹೊರಟವರು ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ತಿರುಗಬೇಕು. ತುದಿ ಅಲ್ಲೇ ಕಾಣುತ್ತಿದ್ದರೂ ಸರಿ. ಒಮ್ಮೆ ಹುಡುಗರ ಮಾತು ಕೇಳಿ ಎರಡೂವರೆಗೆ ತಿರುಗಿದೆ. ಕೊನೆಯ ಕಾಡಿನ ತುಂಡನ್ನು ಒಂದೇ ಟಾರ್ಚಿನಲ್ಲಿ ಏಳು ಜನ ದಾಟಿದೆವು. ಅವತ್ತು ಯಾರೂ ಮಾತಾಡಲಿಲ್ಲ, ಜೀಪಿನವನು ಮಾತ್ರ ಚೆನ್ನಾಗಿ ಬೈದ.

ಕೆಳಗೆ ಬಂದ ಮೇಲೆ ಸಾಕ್ಸನ್ನು ಒಳಮೈ ತಿರುಗಿಸಿ ಕೊಡವಿ. ಸೊಂಟ, ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಉಂಬಳ ಇದೆಯಾ ನೋಡಿಕೊಳ್ಳಿ. ಚೀಲದ ಹೊರ ಜೇಬನ್ನೂ ಬಿಡಬೇಡಿ. ಹೋದ ಸಲ ಅಕ್ಕನ ಮಗನ ಚೀಲದಲ್ಲಿ ಒಂದು ಉಳಿದು ರಾಜಾಜಿನಗರದ ತನಕ ಹೋಗಿತ್ತು.