ಹಬಶಿ ನಾಯಕ, ಸುರಂಗದ ದೆವ್ವ

ಐತಿಹಾಸಿಕ ಪ್ರೇಮಕಥೆಗೆ ದೆವ್ವವನ್ನು ತಂದರೆ ಇತಿಹಾಸವೂ ಕೆಡುತ್ತದೆ, ಪ್ರೇಮವೂ ಕೆಡುತ್ತದೆ ಎಂದು ವಿಜಯಪುರದ ಗೆಳೆಯರು ಮೂರು ವರ್ಷ ಹೇಳಿದರು. ನನ್ನ ಕಾದಂಬರಿಯ ಹೊಸ ಆವೃತ್ತಿಯ ಸುಮಾರು 400 ಪ್ರತಿ ಖರ್ಚಾದ ಮೇಲೆ ಅವರೇ ಎರಡನೆಯ ಭಾಗ ಯಾವಾಗ ಎನ್ನುತ್ತಿದ್ದಾರೆ.

ಮೊದಲ ಆವೃತ್ತಿ ಸೋತಿತು. ನಾಯಕ ಯಾಕೂತ ಹಬಶಿ, ಎಂದರೆ ಆಫ್ರಿಕಾ ಮೂಲದ ಗೋಲಂದಾಜ, ತೋಪು ಹಾರಿಸುವವನು. ಅವನಿಗೆ ತೋಳಿತ್ತು, ಮಾತಿರಲಿಲ್ಲ. ನಾಯಕಿ ಗಂಗವ್ವ ಅರಮನೆಯ ಕಿಟಕಿಯಲ್ಲಿ ಕಾಯುತ್ತಿದ್ದಳು. ಸಂಕಟ ಬಂದಾಗಲೆಲ್ಲ ದೆವ್ವ ಬಂದು ಬಿಡಿಸುತ್ತಿತ್ತು. "ಎಲ್ಲವನ್ನೂ ದೆವ್ವವೇ ಮಾಡಿದರೆ ಇವರಿಬ್ಬರು ಏಕೆ?" ಎಂದು ಅಕ್ಕ ಕೇಳಿದಳು. ಅಷ್ಟರಲ್ಲಿ 500 ಪ್ರತಿ ಅಚ್ಚಾಗಿತ್ತು. ಐವತ್ತು ಸಾವಿರದ ಹತ್ತಿರ ಹೋಯಿತು. ಮುಕ್ಕಾಲು ಪಾಲು ಇನ್ನೂ ಅಟ್ಟದ ಮೇಲಿದೆ.

ತೊರವಿಯಿಂದ ನಗರಕ್ಕೆ ನೀರು ತರುತ್ತಿದ್ದ ಆದಿಲ್‌ಶಾಹಿ ಸುರಂಗದ ಜಾಡು ಹಿಡಿದು, ನೀರಿನ ಒತ್ತಡ ತಗ್ಗಿಸುವ ಗೋಪುರಗಳಾದ ಗಂಜ್‌ಗಳನ್ನು ನೋಡುತ್ತ ಅಲೆದಾಗ ಗಂಗವ್ವನಿಗೆ ಕಸುಬು ಸಿಕ್ಕಿತು: ಬಾವಿ ತೋಡುವ ಮನೆತನ. ಯಾಕೂತನಿಗೆ ಪಾರಸಿ ಲೆಕ್ಕಪತ್ರ, ದಖನಿ ಚೇಷ್ಟೆ, ಜಗಳದಲ್ಲಿ ಕಲಿತ ಕನ್ನಡ ಕೊಟ್ಟೆ. ಇಖ್ಲಾಸ್ ಖಾನನೆಂಬ ಹಬಶಿ ಮಂತ್ರಿಯಾಗಿ ಆಳಿದ ಊರಿನಲ್ಲಿ ಕುಳಿತು ನಾನು ಅವನ ಜನರನ್ನು ಬರೀ ದೇಹವಾಗಿ ಬರೆದಿದ್ದೆ. ಅದು ಇಂದಿಗೂ ಚುಚ್ಚುತ್ತದೆ. 1624ರಲ್ಲಿ ವಿಜಯಪುರದ ಪಕ್ಕದ ನವರಸಪುರವನ್ನು ಹಾಳುಗೆಡವಿದ ಅಹಮದನಗರದ ಸೇನಾನಿ ಮಲಿಕ್ ಅಂಬರನೂ ಹಬಶಿಯೇ. ತನ್ನವನ ಸೈನ್ಯದ ಮೇಲೆ ಯಾಕೂತ ತೋಪು ತಿರುಗಿಸಬೇಕು. ಆ ಅಧ್ಯಾಯವನ್ನು ಏಳೆಂಟು ಬಾರಿ ಬರೆದೆ.

ದೆವ್ವಕ್ಕೂ ಕಡಿವಾಣ ಹಾಕಿದೆ. ದೆವ್ವವಾದ ಸತ್ತ ಬಾವಿಗಾರನಿಗೆ ತಾನು ಸಾಯುವ ದಿನದವರೆಗಿನ ಸುರಂಗ ಮಾತ್ರ ಗೊತ್ತು. ಆಮೇಲೆ ಕುಸಿದ ಗೋಡೆ ಗೊತ್ತಿಲ್ಲ. ಹಣತೆಯ ಕುಡಿ ಕುಗ್ಗಿದ್ದನ್ನು ಕಂಡು ಕೆಟ್ಟ ಗಾಳಿಯನ್ನು ಅರಿಯುವವಳು ಗಂಗವ್ವ. ದೆವ್ವದ ಮಾತು ಕೇಳಿದ್ದಕ್ಕೆ ಅವಳು ಏನು ತೆರುತ್ತಾಳೆ ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಇಡೀ ಕಥೆಯನ್ನು ದೆವ್ವದ ಬಾಯಿಯಿಂದ ಹೇಳಿಸಿ ನೋಡಿದೆ. ಮೂವತ್ತು ಪುಟಕ್ಕೆ ಉಸಿರುಗಟ್ಟಿತು. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಪ್ರೇಮನಿವೇದನೆ ಬರೆದು ಮೆರೆದಿದ್ದೆ. ಕಥೆ ಸುಲ್ತಾನ ಎರಡನೆಯ ಇಬ್ರಾಹಿಮನ ಕಾಲದ್ದು, ಗುಮ್ಮಟ ಅವನ ಮಗನದ್ದು! ನಲವತ್ತು ಪುಟ ಹರಿದು ತಾಜ್ ಬಾವಡಿ ಎಂಬ ದೊಡ್ಡ ಬಾವಿಯ ಮೆಟ್ಟಿಲಿಗೆ ಬಂದೆ. ಅಲ್ಲಿ ಗಂಗವ್ವ ಹಣತೆ ಹಿಡಿದು ಕೆಳಗಿಳಿಯುತ್ತಾಳೆ. ಯಾಕೂತ ಮೇಲೆ ನಿಂತು ಅವಳ ಹೆಜ್ಜೆಗಳನ್ನು ಎಣಿಸುತ್ತಾನೆ, ಕನ್ನಡದಲ್ಲಿ.